ದತ್ತ ಜಯಂತಿಯಿಂದ ಸಂಕ್ರಾಂತಿವರೆಗೆ: ಹಬ್ಬ, ಹೊಲ, ಓಡಾಟದ ತಿಂಗಳಿಗೆ ಹೀಗೆ ತಯಾರಾಗಿ

ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂತ ಹೇಳಿ ಮುಗಿಯುವ ಹೊತ್ತಿಗೆ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್‌ನಲ್ಲಿರುವ ನಮ್ಮ ಭಾಗದವರ ಪ್ರಶ್ನೆಗಳು ಶುರುವಾಗುತ್ತವೆ. ಎಳ್ಳ ಅಮಾವಾಸ್ಯೆ ಯಾವತ್ತು? ಟಿಕೆಟ್ ಯಾವಾಗ ಮಾಡಿಸಬೇಕು? ಗಾಣಗಾಪುರದ ದತ್ತ ಜಯಂತಿ, ಹೊಲದ ಪೂಜೆ, ಮೈಲಾಪುರದ ಸಂಕ್ರಾಂತಿ ಜಾತ್ರೆ ಮೂರೂ ಒಂದೇ ಸಲಕ್ಕೆ ಆಗುತ್ತವೆಯೇ? ಹದಿನೈದು ಮಂದಿಗೆ ಭಜ್ಜಿ ಎಷ್ಟು ಬೇಕು? ಎಲ್ಲಕ್ಕೂ ಒಂದೇ ಕಡೆ ಉತ್ತರ ಇರಲಿ ಎಂದು ಈ ಬರಹ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗೆ ಅನ್ವಯಿಸುವ ಹಾಗೆ ಬರೆದಿದೆ.

ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇವೆ. ಈ ತಿಂಗಳ ನಡುಗಂಬ ಎಳ್ಳ ಅಮಾವಾಸ್ಯೆ, ಅಂದರೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆ ಕೊಡುವ ಹಬ್ಬ. ಮೊದಲು ಆ ದಿನವನ್ನು ಗಟ್ಟಿ ಮಾಡಿಕೊಳ್ಳಿ. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಅಡುಗೆ, ಗಿರಣಿ, ಸಂತೆ, ಟಿಕೆಟ್ ಜೋಡಿಸಿ. ಗಾಣಗಾಪುರವನ್ನು ನಾಲ್ಕು ದಿನ ಆಚೀಚೆ ಮಾಡಬಹುದು, ಹೊಲದ ಪೂಜೆಯನ್ನು ಆಗುವುದಿಲ್ಲ.

1. ದಿನಾಂಕ ಗಟ್ಟಿ ಮಾಡಿಕೊಳ್ಳಿ

ಈ ಸಲ ಗೊಂದಲಕ್ಕೆ ಕಾರಣವಿದೆ. 2026ರ ಗೋಡೆ ಕ್ಯಾಲೆಂಡರಿನಲ್ಲಿ ಎಳ್ಳ ಅಮಾವಾಸ್ಯೆಯೇ ಇಲ್ಲ. 2024ರಲ್ಲಿ ಅದು ಜನವರಿ 11ಕ್ಕೊಮ್ಮೆ, ಡಿಸೆಂಬರ್ 30ಕ್ಕೊಮ್ಮೆ ಎರಡು ಸಲ ಬಂತು. 2025ರಲ್ಲಿ ಡಿಸೆಂಬರ್ 19ಕ್ಕೆ ಇತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಸೇರಿದ್ದರಿಂದ ಮುಂದಿನ ಹಬ್ಬಗಳೆಲ್ಲ ಹಿಂದಿನ ವರ್ಷಕ್ಕಿಂತ ಸುಮಾರು 19 ದಿನ ತಡವಾಗಿ ಬರುತ್ತಿವೆ. ಹಾಗಾಗಿ ಮಾರ್ಗಶಿರದ ಅಮಾವಾಸ್ಯೆ 2027ರ ಜನವರಿ 7, ಗುರುವಾರಕ್ಕೆ ಬಿದ್ದಿದೆ. ಅವತ್ತು ಇಡೀ ಹಗಲು ಅಮಾವಾಸ್ಯೆ ತಿಥಿಯೇ ಇರುವುದರಿಂದ 'ನಮ್ಮೂರಲ್ಲಿ ಇವತ್ತು, ನಿಮ್ಮೂರಲ್ಲಿ ನಾಳೆ' ಎಂಬ ತಕರಾರು ಬರಬಾರದು. ಆದರೂ ಊರ ಹಿರಿಯರಿಗೆ ಒಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಹೊಲದ ಪಾಲುದಾರರು, ಅಕ್ಕಪಕ್ಕದ ಹೊಲದವರು ಯಾವತ್ತು ಬರುತ್ತಾರೆ ಎಂಬುದೂ ಮುಖ್ಯ.

ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿ ಡಿಸೆಂಬರ್ 23, ಬುಧವಾರ. ಸಂಕ್ರಾಂತಿಗೆ ತಿಥಿಯ ಲೆಕ್ಕವಿಲ್ಲ, ಸೂರ್ಯನ ಲೆಕ್ಕ. ಈ ಸಲ ಸೂರ್ಯ ಮಕರ ರಾಶಿಗೆ ಹೋಗುವುದು ಜನವರಿ 14ರ ರಾತ್ರಿ, ಸೂರ್ಯಾಸ್ತದ ನಂತರ. ಆದ್ದರಿಂದ ಪುಣ್ಯಕಾಲ, ಅಂದರೆ ಸ್ನಾನ-ದಾನದ ಹೊತ್ತು, 15ರ ಶುಕ್ರವಾರಕ್ಕೆ ಬರುತ್ತದೆ. ಪ್ರತಿವರ್ಷ 14 ಎಂದು ಗಟ್ಟಿಯಾಗಿ ನಂಬಿದವರು ಇಲ್ಲೇ ಎಡವುತ್ತಾರೆ. ಮೈಲಾಪುರದ ಜಾತ್ರೆಗೆ ಹೋಗುವವರು ಅಲ್ಲಿನ ಪ್ರಕಟಣೆಯನ್ನೇ ನೋಡಿ ಹೊರಡಿ.

2. ರೈಲು ಟಿಕೆಟ್: 60 ದಿನ ಮೊದಲು, ಬೆಳಗ್ಗೆ 8ಕ್ಕೆ

ರೈಲ್ವೆಯ ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನ ಆಗಿದೆ. ಪ್ರಯಾಣದ ದಿನ ಆ ಲೆಕ್ಕದಲ್ಲಿ ಸೇರುವುದಿಲ್ಲ. ದತ್ತ ಜಯಂತಿಗೆಂದು ಡಿಸೆಂಬರ್ 21ಕ್ಕೆ ಹೊರಡುವವರಿಗೆ ಅಕ್ಟೋಬರ್ 22ಕ್ಕೆ ಬುಕಿಂಗ್ ತೆರೆಯುತ್ತದೆ. ಹೊಲಕ್ಕೆಂದು ಜನವರಿ 5ಕ್ಕೆ ಹೊರಡುವವರಿಗೆ ನವೆಂಬರ್ 6, ಸಂಕ್ರಾಂತಿ ಮುಗಿಸಿ ಜನವರಿ 16ಕ್ಕೆ ಮರಳುವವರಿಗೆ ನವೆಂಬರ್ 17. ಡಿಸೆಂಬರ್ ಕೊನೆಯಲ್ಲಿ ಕ್ರಿಸ್‌ಮಸ್ ರಜೆಯ ಜನರೂ ಸೇರುತ್ತಾರೆ, ಆ ವಾರದ ಸೀಟು ಬೇಗ ಖಾಲಿಯಾಗುತ್ತವೆ. ಹೋಗುವ ಟಿಕೆಟ್ ಮಾಡಿಸಿ ಬರುವ ಟಿಕೆಟ್ ಮರೆಯುವುದು ತೀರಾ ಸಾಮಾನ್ಯ. ಎರಡೂ ದಿನಾಂಕಕ್ಕೆ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಳ್ಳಿ.

ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಣೆಯನ್ನು ಈಗಲೇ ಮುಗಿಸಿ. ಬುಕಿಂಗ್ ತೆರೆಯುವ ದಿನ ಮತ್ತು ತತ್ಕಾಲ್‌ನಲ್ಲಿ ಆಧಾರ್ ದೃಢೀಕರಿಸದ ಖಾತೆಗಳಿಗೆ ಅವಕಾಶವಿಲ್ಲ. ಆಧಾರ್‌ನಲ್ಲಿರುವ ಹೆಸರಿಗೂ ಖಾತೆಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಜೋಡಣೆ ತಿರಸ್ಕೃತವಾಗಬಹುದು, ಬೆಳಗ್ಗೆ 8ಕ್ಕೆ ಅದನ್ನು ತಿದ್ದಲು ಹೊತ್ತಿರುವುದಿಲ್ಲ.

ಕಲಬುರಗಿ, ಯಾದಗಿರಿಯವರಿಗೆ ಒಂದು ವಿಶೇಷ ತೊಂದರೆ ಇದೆ. ಬೆಂಗಳೂರು–ಮುಂಬೈ ಉದ್ಯಾನ್ ಎಕ್ಸ್‌ಪ್ರೆಸ್, ಮೈಸೂರು–ಬಾಗಲಕೋಟೆ ಬಸವ ಎಕ್ಸ್‌ಪ್ರೆಸ್, ಮುಂಬೈ–ಹೈದರಾಬಾದ್ ಹುಸೇನ್‌ಸಾಗರ್ (ಇದು ಯಾದಗಿರಿಗೆ ಬರುವುದಿಲ್ಲ) ಇವೆಲ್ಲಕ್ಕೂ ನಮ್ಮದು ನಡುವಿನ ನಿಲ್ದಾಣ. ನಡುವಿನ ನಿಲ್ದಾಣಗಳಿಗೆ ಸೀಟಿನ ಪಾಲು ಕಡಿಮೆ. ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬಂದರೆ ಅದರ ಮುಂದಿನ ಅಕ್ಷರಗಳನ್ನು ನೋಡಿ. ಜಿಎನ್‌ಡಬ್ಲ್ಯುಎಲ್ ಎಂದರೆ ಸಾಮಾನ್ಯ ಪಟ್ಟಿ, ಇದು ಮೊದಲು ಖಚಿತವಾಗುತ್ತದೆ. ಪಿಕ್ಯುಡಬ್ಲ್ಯುಎಲ್ ಎಂದರೆ ಹಲವು ಸಣ್ಣ ನಿಲ್ದಾಣಗಳಿಗೆ ಸೇರಿ ಇರುವ ಒಂದೇ ಪಾಲು, ಆರ್‌ಎಲ್‌ಡಬ್ಲ್ಯುಎಲ್ ಎಂದರೆ ನಡುವಿನ ದೊಡ್ಡ ನಿಲ್ದಾಣದ ಪಾಲು. ಈ ಎರಡರಲ್ಲಿ ಹಿಂದಿನ ಸಂಖ್ಯೆಗಳು ಹಬ್ಬದ ವಾರದಲ್ಲಿ ಖಚಿತವಾಗುವುದನ್ನು ನೆಚ್ಚಿಕೊಳ್ಳಬೇಡಿ. ಆರ್‌ಎಸಿ ಎಂದರೆ ಕೂರಲು ಜಾಗ ಸಿಕ್ಕಿದೆ, ಮಲಗುವ ಬರ್ತ್ ಇನ್ನೊಬ್ಬರ ಜೊತೆ ಹಂಚಿಕೆ ಎಂದರ್ಥ. ರೈಲು ಹತ್ತಲು ಅದು ಸಾಕು. ಆನ್‌ಲೈನ್ ವೇಟಿಂಗ್ ಟಿಕೆಟ್ ಮಾತ್ರ ಚಾರ್ಟ್ ಸಿದ್ಧವಾದಾಗಲೂ ಖಚಿತವಾಗದಿದ್ದರೆ ತಾನಾಗಿಯೇ ರದ್ದಾಗುತ್ತದೆ. ಅದನ್ನು ಹಿಡಿದು ರಿಸರ್ವ್ ಡಬ್ಬಿ ಹತ್ತಬೇಡಿ.

ಕಲಬುರಗಿಗೆ ಸಿಗದಿದ್ದರೆ ವಾಡಿ, ಶಹಾಬಾದ್, ಸೊಲ್ಲಾಪುರದವರೆಗೂ ಹುಡುಕಿ. ಬೆಂಗಳೂರಿನಿಂದ ಬರುವವರು ಸೊಲ್ಲಾಪುರದ ಟಿಕೆಟ್ ತೆಗೆದು ಕಲಬುರಗಿಯಲ್ಲಿ ಇಳಿಯಬಹುದು. ಆದರೆ ಹತ್ತುವ ನಿಲ್ದಾಣ ಬೇರೆಯಾದರೆ ಮುಂಚಿತವಾಗಿ ಆನ್‌ಲೈನ್‌ನಲ್ಲಿ ಬದಲಿಸಲೇಬೇಕು. ಇಲ್ಲದಿದ್ದರೆ ಟಿಟಿಇ ನಿಮ್ಮನ್ನು ಬಾರದವರೆಂದು ಗುರುತು ಹಾಕಿ ಸೀಟು ಬೇರೆಯವರಿಗೆ ಕೊಡುತ್ತಾರೆ.

ಒಂದು ಟಿಕೆಟ್ಟಿನಲ್ಲಿ ಆರು ಜನ, ತತ್ಕಾಲ್ ಆದರೆ ನಾಲ್ಕೇ ಜನ. ತತ್ಕಾಲ್ ತೆರೆಯುವುದು ರೈಲು ಹೊರಡುವ ಹಿಂದಿನ ದಿನ: ಎಸಿಗೆ ಬೆಳಗ್ಗೆ 10, ಸ್ಲೀಪರ್‌ಗೆ 11. ಆ ಹಿಂದಿನ ದಿನವನ್ನು ರೈಲು ತನ್ನ ಮೊದಲ ನಿಲ್ದಾಣ ಬಿಡುವ ದಿನದಿಂದ ಎಣಿಸುತ್ತಾರೆ. ನಡುರಾತ್ರಿ ದಾಟಿ ಯಾದಗಿರಿಗೆ ಬರುವ ರೈಲಿಗೆ ಒಂದು ದಿನ ತಪ್ಪಿ ಕಾಯುವವರು ಬಹಳ. ಐದು ವರ್ಷದೊಳಗಿನ ಮಗುವಿಗೆ ಬರ್ತ್ ಬೇಡವಾದರೆ ಟಿಕೆಟ್ಟೇ ಬೇಡ.

ಬೆಂಗಳೂರು–ಕಲಬುರಗಿ ವಂದೇ ಭಾರತ್ ಹಿಡಿಯುವವರು ಎರಡು ವಿಷಯ ನೆನಪಿಡಿ. ಅದು ಹೊರಡುವುದು ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ, ಮೆಜೆಸ್ಟಿಕ್‌ನಿಂದ ಅಲ್ಲ. ಕಲಬುರಗಿ ಮುಟ್ಟುವುದು ರಾತ್ರಿ ತಡವಾಗಿ, ಆದ್ದರಿಂದ ಹಳ್ಳಿಗೆ ಹೋಗುವ ಗಾಡಿಯನ್ನು ಮೊದಲೇ ಹೇಳಿಟ್ಟಿರಬೇಕು. ಬೀದರ್ ಕಡೆಯವರಿಗೆ 2017ರಲ್ಲಿ ಶುರುವಾದ ಕಲಬುರಗಿ–ಹುಮನಾಬಾದ್–ಬೀದರ್ ಮಾರ್ಗವಿದೆ. ಅದರಲ್ಲಿ ಓಡುವ ರೈಲುಗಳು ಕಡಿಮೆ, ಒಂದು ತಪ್ಪಿದರೆ ಬಸ್ಸೇ ಗತಿ.

3. ಬಸ್ಸು, ಬಾಡಿಗೆ ಗಾಡಿ, ರಸ್ತೆ

ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದ ಒಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಮಾತ್ರ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇಲ್ಲ. ಅಂತರರಾಜ್ಯ ಬಸ್ಸಿಗೂ ಇಲ್ಲ. ಬೀದರ್‌ನಿಂದ ಹೈದರಾಬಾದ್‌ಗೆ, ಕಲಬುರಗಿಯಿಂದ ಸೊಲ್ಲಾಪುರ, ಅಕ್ಕಲಕೋಟೆಗೆ ಹೋಗುವ ತಾಯಂದಿರು ಟಿಕೆಟ್ ಹಣ ಇಟ್ಟುಕೊಂಡೇ ಹತ್ತಬೇಕು. ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಮಗನ ಮನೆಯಲ್ಲಿದ್ದು ಪುಣೆಯ ವಿಳಾಸಕ್ಕೆ ಆಧಾರ್ ಬದಲಿಸಿಕೊಂಡವರಿಗೆ ಇದು ತೊಡಕಾಗುತ್ತದೆ. ಶೂನ್ಯ ಮೊತ್ತದ ಚೀಟಿಯನ್ನು ಕೇಳಿ ಪಡೆದು ಇಳಿಯುವವರೆಗೂ ಇಟ್ಟುಕೊಳ್ಳಿ.

ಬಾಡಿಗೆಗೆ ಹಳದಿ ಬೋರ್ಡಿನ ಗಾಡಿಯನ್ನೇ ಮಾಡಿ. ಪರಿಚಯದವರ ಬಿಳಿ ಬೋರ್ಡ್ ಗಾಡಿಗೆ ದುಡ್ಡು ಕೊಟ್ಟು ಹೋದಾಗ ಅಪಘಾತವಾದರೆ ವಿಮೆ ಸಿಗುವುದು ಕಷ್ಟ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಇಡೀ ಓಣಿಯ ಮಂದಿ ಕೂತು ಹೊಲಕ್ಕೆ ಹೋಗುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಟ್ರಾಲಿ ಇರುವುದು ಸರಕಿಗೆ. ಏರುದಾರಿಯಲ್ಲಿ ಕೊಂಡಿ ಕಳಚಿದರೆ, ಕಾಲುವೆ ಬದಿಯಲ್ಲಿ ಒಂದು ಗಾಲಿ ಜಾರಿದರೆ ಅದು ಮಗುಚುತ್ತದೆ, ಅದರಲ್ಲಿ ಕೂತವರಿಗೆ ವಿಮೆಯೂ ಇಲ್ಲ. ಪಾತ್ರೆ, ನೀರು, ಬುತ್ತಿ ಟ್ರ್ಯಾಕ್ಟರಿನಲ್ಲಿ ಹೋಗಲಿ. ಮಂದಿ ಬೇರೆ ಗಾಡಿಯಲ್ಲಿ ಇಲ್ಲವೇ ಎತ್ತಿನ ಬಂಡಿಯಲ್ಲಿ ಬರಲಿ.

ಈ ತಿಂಗಳಲ್ಲಿ ರಾತ್ರಿ ಗಾಡಿ ಓಡಿಸುವವರಿಗೆ ಎರಡು ಅಪಾಯ ಕಾದಿರುತ್ತವೆ. ಕಬ್ಬು ನುರಿಸುವ ಕಾಲ ಆದ್ದರಿಂದ ಆಳಂದ, ಅಫಜಲಪುರ, ಹುಮನಾಬಾದ್, ಭಾಲ್ಕಿ ಕಡೆ ಹಿಂದೀಪ ಇಲ್ಲದ ಕಬ್ಬಿನ ಟ್ರಾಲಿಗಳು ರಸ್ತೆ ತುಂಬ ಇರುತ್ತವೆ. ಇನ್ನೊಂದು, ಡಾಂಬರಿನ ಮೇಲೆ ಹರಡಿದ ತೊಗರಿ ರಾಶಿ. ಕಾಳಿನ ಮೇಲೆ ಬೈಕಿನ ಗಾಲಿ ಜಾರುತ್ತದೆ, ರಾಶಿಗೆ ಸುತ್ತ ಇಟ್ಟ ಕಲ್ಲುಗಳು ಕತ್ತಲಲ್ಲಿ ಕಾಣುವುದಿಲ್ಲ. ಆಗುವುದಾದರೆ ಬೆಳಗ್ಗೆ 7ರ ನಂತರ ಹೊರಟು ಸಂಜೆ 6ರೊಳಗೆ ಊರು ಸೇರಿ. ಬೆಳಗಿನ ಮಂಜಿನ ಕಾಟವೂ ತಪ್ಪುತ್ತದೆ.

4. ಗಾಣಗಾಪುರ: ಹುಣ್ಣಿಮೆಗೇ ಹೋಗಬೇಕೇ?

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ದತ್ತ ಜಯಂತಿಗೆ ಮಹಾರಾಷ್ಟ್ರ, ತೆಲಂಗಾಣದಿಂದಲೂ ಜನ ಬರುತ್ತಾರೆ. ಈ ಸಲ ಜಯಂತಿಯ ಮರುದಿನವೇ ಗುರುವಾರ. ದತ್ತನಿಗೆ ಗುರುವಾರ ವಿಶೇಷ ಆದ್ದರಿಂದ 23 ಮತ್ತು 24 ಎರಡೂ ದಿನ ಗದ್ದಲ ಇರುತ್ತದೆ. ತೊಟ್ಟಿಲ ಸೇವೆಯನ್ನೇ ನೋಡಬೇಕೆಂಬ ಹರಕೆ ಇದ್ದವರು ಹೋಗಲಿ. ವಯಸ್ಸಾದವರು, ಹಸುಗೂಸು ಇರುವ ಮನೆಯವರು ಡಿಸೆಂಬರ್ 29 ಅಥವಾ 30 ಆರಿಸಿಕೊಳ್ಳುವುದು ನಮ್ಮ ಸಲಹೆ. ಜನವರಿ 7 ಗುರುವಾರವೂ ಹೌದು, ಅಮಾವಾಸ್ಯೆಯೂ ಹೌದು, ಆ ದಿನ ಹೊಲ ಬಿಟ್ಟು ಅತ್ತ ಹೊರಡಬೇಡಿ.

ರೈಲಿನಲ್ಲಿ ಬರುವವರು ಇಳಿಯಬೇಕಾದ್ದು ಗಾಣಗಾಪುರ ರಸ್ತೆ ನಿಲ್ದಾಣ. ಹೆಸರು ನೋಡಿ ಊರು ಪಕ್ಕದಲ್ಲೇ ಇದೆ ಅಂದುಕೊಳ್ಳಬೇಡಿ, ಅಲ್ಲಿಂದ ಸುಮಾರು 20 ಕಿಲೋಮೀಟರ್ ಬಸ್ಸು ಅಥವಾ ಜೀಪಿನಲ್ಲಿ ಹೋಗಬೇಕು. ರಾತ್ರಿ ಇಳಿಯುವ ರೈಲಾದರೆ ಕಲಬುರಗಿಯಲ್ಲೇ ಇಳಿದು ಬೆಳಗಿನ ಬಸ್ ಹಿಡಿಯುವುದು ಮೇಲು.

ಕ್ರಮ ಹೀಗಿರಲಿ. ಮೊದಲು ಭೀಮಾ–ಅಮರ್ಜಾ ಸಂಗಮದಲ್ಲಿ ಸ್ನಾನ, ಅಲ್ಲಿಯ ಔದುಂಬರ, ಅಂದರೆ ಅತ್ತಿ ಮರಕ್ಕೆ ಪ್ರದಕ್ಷಿಣೆ. ನಂತರ ಸುಮಾರು 3 ಕಿಲೋಮೀಟರ್ ದೂರದ ಊರಿಗೆ ಬಂದು ಮಠದಲ್ಲಿ ನಿರ್ಗುಣ ಪಾದುಕೆಗಳ ದರ್ಶನ. ದರ್ಶನ ಸಣ್ಣ ಕಿಂಡಿಯಿಂದ, ಹಾಗಾಗಿ ಸಾಲು ನಿಧಾನ ಸಾಗುತ್ತದೆ. ಮಧ್ಯಾಹ್ನ 12ರ ಸುಮಾರಿಗೆ ಮಧುಕರಿ. ಕನಿಷ್ಠ ಐದು ಮನೆಯ ಭಿಕ್ಷೆ ಬೇಡಿ ಉಣ್ಣುವ ಸಂಪ್ರದಾಯ ಇದು. ಅದಕ್ಕೊಂದು ಬಟ್ಟೆಯ ಜೋಳಿಗೆ, ಒಂದು ಡಬ್ಬಿ ಮನೆಯಿಂದಲೇ ಒಯ್ಯಿರಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಸಿ ಅನ್ನ ಹಾಕಿಸಿಕೊಳ್ಳಬೇಡಿ. ನದಿಯಲ್ಲಿ ಮರಳು ತೆಗೆದ ಗುಂಡಿಗಳಿರಬಹುದು, ಮೊಣಕಾಲು ಮಟ್ಟದ ನೀರು ಒಂದೇ ಹೆಜ್ಜೆಗೆ ಎದೆಮಟ್ಟ ಆಗುತ್ತದೆ. ಜನ ಮೀಯುವ ಕಡೆಯೇ ಮಿಂದು ಬನ್ನಿ.

5. ಡಿಸೆಂಬರ್ 25ರಿಂದ ಜನವರಿ 5: ಸಂತೆ, ಗಿರಣಿ, ಗಡಿಗೆ

ಈ ನಡುವಿನ ದಿನಗಳನ್ನು ಊರು ಸುತ್ತುವುದಕ್ಕೇ ಕಳೆದರೆ ಅಮಾವಾಸ್ಯೆಯ ಹಿಂದಿನ ದಿನ ಕಷ್ಟವಾಗುತ್ತದೆ. ಬೇರೆ ಊರಿನ ನೆಂಟರು ಬಂದಿದ್ದರೆ ಬೀದರ್ ಕೋಟೆಗೋ, ಕಲಬುರಗಿಯ ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾಕ್ಕೋ, ಭೀಮಾ ದಂಡೆಯ ಸನ್ನತಿಗೋ ಒಂದು ದಿನ ಹೋಗಿಬರಲಿ. ಬೀದರ್‌ನ ನರಸಿಂಹ ಝರಣಿಗೆ ಹೋಗುವವರು ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆಯಬೇಕು, ಒಣ ಬಟ್ಟೆ ಜೊತೆಗಿರಲಿ. ಕೆಲವೊಮ್ಮೆ ಗುಹೆ ಮುಚ್ಚಿರುತ್ತದೆ, ವಿಚಾರಿಸಿ ಹೊರಡಿ.

ಜೋಳದ ಕಡಕ್ ರೊಟ್ಟಿ ಹತ್ತು ದಿನ ಮೊದಲೇ ಬಡಿದಿಟ್ಟರೂ ಕೆಡುವುದಿಲ್ಲ, ಪೂರ್ತಿ ಒಣಗಿರಬೇಕು ಅಷ್ಟೇ. ನಡುವೆ ಮೆತ್ತಗಿದ್ದ ಒಂದು ರೊಟ್ಟಿ ಇಡೀ ಗಂಟಿಗೆ ಬೂಸಲು ಹಿಡಿಸುತ್ತದೆ. ಸಜ್ಜೆಯ ಮಾತು ಬೇರೆ. ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚು, ಬೀಸಿದ ಮೇಲೆ ಅದು ಬೇಗ ಕೆಟ್ಟು ಹಿಟ್ಟು ಕಹಿಯಾಗುತ್ತದೆ. ಕಾಳು ಈಗಲೇ ತಂದು ಹಸನು ಮಾಡಿಟ್ಟುಕೊಳ್ಳಿ, ಬೀಸಿಸುವುದು ಮಾತ್ರ ಜನವರಿ 4 ಅಥವಾ 5ಕ್ಕೆ. 6ನೇ ತಾರೀಖು ಗಿರಣಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ, ಕರೆಂಟ್ ಹೋದರೆ ಮುಗಿಯಿತು. ಹದಿನೈದು ಮಂದಿಗೆ ಸಜ್ಜೆ ಹಿಟ್ಟು ಎರಡು ಕಿಲೋ ಸಾಕು, ಮೂವತ್ತರ ಮೇಲೆ ರೊಟ್ಟಿ ಆಗುತ್ತವೆ. ಕಡುಬು ಮಾಡುವುದಾದರೆ ಇನ್ನೊಂದು ಕಿಲೋ ಸೇರಿಸಿ.

ಶೇಂಗಾ ಹೋಳಿಗೆಯನ್ನು 3 ಅಥವಾ 4ಕ್ಕೆ ಮಾಡಿಡಿ. ಹೂರಣಕ್ಕೆ ನೀರು ತಾಕದ ಕಾರಣ ಹತ್ತು-ಹನ್ನೆರಡು ದಿನ ತಡೆಯುತ್ತದೆ, ಸಂಕ್ರಾಂತಿಗೂ ಆಗುತ್ತದೆ. ಕಡಲೆಬೇಳೆ ಹೂರಣದ ಹೋಳಿಗೆಗೆ ಒಂದೆರಡು ದಿನದ ಆಯುಷ್ಯ, ಅದನ್ನು ಹಿಂದಿನ ರಾತ್ರಿಗೆ ಬಿಡಿ. ಮೂವತ್ತು ಶೇಂಗಾ ಹೋಳಿಗೆಗೆ ಹುರಿದು ಸಿಪ್ಪೆ ತೆಗೆದ ಶೇಂಗಾ ಅರ್ಧ ಕಿಲೋ, ಬೆಲ್ಲ 400 ಗ್ರಾಂ, ಹುರಿದ ಎಳ್ಳು 50 ಗ್ರಾಂ, ಏಲಕ್ಕಿ ಐದಾರು. ಕಣಕಕ್ಕೆ ಮೈದಾ 300 ಗ್ರಾಂ, ಸಣ್ಣ ರವೆ 100 ಗ್ರಾಂ, ಎರಡು ದೊಡ್ಡ ಚಮಚ ಎಣ್ಣೆ. ಶೇಂಗಾ ಸಣ್ಣ ಉರಿಯಲ್ಲಿ ಒಳಗಿನವರೆಗೆ ಹುರಿಯಬೇಕು. ಜೋರು ಉರಿಯಲ್ಲಿ ಮೇಲೆ ಕರಿದಾಗಿ ಒಳಗೆ ಹಸಿ ಉಳಿದರೆ ನಾಲ್ಕನೇ ದಿನಕ್ಕೆ ಮುಗ್ಗು ವಾಸನೆ ಬರುತ್ತದೆ. ಹೂರಣವನ್ನು ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು. ನಿಲ್ಲದಿದ್ದರೆ ಇನ್ನೊಮ್ಮೆ ಬೆಲ್ಲದ ಜೊತೆ ತಿರುವಿ, ಶೇಂಗಾದ ಎಣ್ಣೆಯೇ ಅದನ್ನು ಕೂಡಿಸುತ್ತದೆ. ನೀರು ಚಿಮುಕಿಸಬೇಡಿ.

ಅಂಬಲಿಗೆ ಹೊಸ ಮಣ್ಣಿನ ಗಡಿಗೆ ತಂದವರು ಅದನ್ನು ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಿ. ಹಾಗೇ ಬಳಸಿದರೆ ಅಂಬಲಿಗೆ ಮಣ್ಣಿನ ರುಚಿ ಹತ್ತುತ್ತದೆ, ಗಡಿಗೆ ನೀರನ್ನೂ ಹೀರುತ್ತದೆ.

6. ಜನವರಿ 6ರ ರಾತ್ರಿ: ಭಜ್ಜಿ

ಹಬ್ಬದ ಜೀವ ಇದು. ಈ ಭಜ್ಜಿ ಎಣ್ಣೆಯಲ್ಲಿ ಕರಿಯುವ ಭಜಿ ಅಲ್ಲ ಎಂದು ಹೊರಗಿನ ಓದುಗರಿಗೆ ಹೇಳಬೇಕು. ಹೊಲದಲ್ಲಿ ಆಗ ಸಿಗುವ ಹಸಿ ಕಾಳು, ಸೊಪ್ಪು, ಕಾಯಿ ಎಲ್ಲ ಕೂಡಿಸಿ ಕಡಲೆ ಹಿಟ್ಟಿನಲ್ಲಿ ಕುದಿಸುವ ಗಟ್ಟಿ ಪಲ್ಯೆ.

ಹದಿನೈದು ಮಂದಿಗೆ: ಹಸಿ ಕಡಲೆ, ಹಸಿ ತೊಗರಿ, ವಟಾಣಿ, ಅವರೆ ಕಾಳು ತಲಾ ಕಾಲು ಕಿಲೋ, ಶೇಂಗಾ 150 ಗ್ರಾಂ. ಮೆಂತ್ಯೆ, ಪಾಲಕ ನಾಲ್ಕು ನಾಲ್ಕು ಸೂಡು, ಎಲೆ ಸಮೇತದ ಹಸಿ ಉಳ್ಳಾಗಡ್ಡಿ ಎರಡು ಸೂಡು, ಚುಕ್ಕದ ಸೊಪ್ಪು ಒಂದು ಸೂಡು, ಸಿಕ್ಕರೆ ಎಳೆಯ ಕಡಲೆ ಸೊಪ್ಪು ಎರಡು ಹಿಡಿ. ಬದನೆಕಾಯಿ, ಗಜ್ಜರಿ ಕಾಲು ಕಾಲು ಕಿಲೋ, ಒಂದು ಹಿಡಿ ಬಾರೆಹಣ್ಣು. ಖಾರಕ್ಕೆ 20–25 ಹಸಿ ಮೆಣಸಿನಕಾಯಿ, ಮೂರು ಗಡ್ಡೆ ಬಳ್ಳೊಳ್ಳಿ, ಎರಡು ಚಮಚ ಜೀರಿಗೆ, ಒಂದು ಸೂಡು ಕೊತ್ತಂಬರಿ, ಇವನ್ನು ಉಪ್ಪು ಹಾಕಿ ಜಜ್ಜಿಕೊಳ್ಳಿ. ಕಡಲೆ ಹಿಟ್ಟು 200 ಗ್ರಾಂ, ಲಿಂಬೆ ಗಾತ್ರದ ಹುಣಸೆ, ಎಣ್ಣೆ 150 ಮಿಲಿ.

ಹಸಿ ಕಾಳು ಸಿಗದಿದ್ದರೆ ಒಣ ಕಾಳು ಅರ್ಧದಷ್ಟು ತೆಗೆದುಕೊಂಡು 5ರ ರಾತ್ರಿಯೇ ನೆನೆ ಹಾಕಿ. ಕಾಳು, ಶೇಂಗಾ ಮೊದಲು ಉಪ್ಪು ನೀರಿನಲ್ಲಿ ಬೇಯಲಿ. ಅವು ಬೆರಳಿಗೆ ಮೆತ್ತಗಾಗುವವರೆಗೆ ಹುಣಸೆ, ಚುಕ್ಕ, ಬಾರೆಹಣ್ಣು ಯಾವುದನ್ನೂ ಹಾಕಬೇಡಿ. ಹುಳಿ ಬಿದ್ದರೆ ಕಾಳು ಮೆತ್ತಗಾಗುವುದು ನಿಂತುಬಿಡುತ್ತದೆ, ಮತ್ತೆ ಎಷ್ಟು ಕುದಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಭಜ್ಜಿ ಕೆಡುವುದು ಹೆಚ್ಚಾಗಿ ಇಲ್ಲೇ.

ಬೇರೆ ದೊಡ್ಡ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಜಜ್ಜಿದ ಖಾರ ಹಾಕಿ ಹಸಿ ವಾಸನೆ ಹೋಗುವವರೆಗೆ ಹುರಿಯಿರಿ. ಗಜ್ಜರಿ, ಬದನೆ, ಆಮೇಲೆ ಹೆಚ್ಚಿದ ಸೊಪ್ಪು. ಸೊಪ್ಪು ಬಾಡಿದ ಮೇಲೆ ಬೆಂದ ಕಾಳನ್ನು ಅದರ ನೀರಿನ ಸಮೇತ ಸುರಿದು, ಒಟ್ಟು ನೀರು ಮೂರು-ಮೂರೂವರೆ ಲೀಟರ್ ಆಗುವಷ್ಟು ಸೇರಿಸಿ. ಈಗ ಹುಣಸೆ ರಸ, ಬಾರೆಹಣ್ಣು. ಕಡಲೆ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಉರಿ ಸಣ್ಣ ಮಾಡಿ, ಒಬ್ಬರು ಸುರಿಯುತ್ತಿದ್ದರೆ ಇನ್ನೊಬ್ಬರು ತಿರುವುತ್ತಿರಬೇಕು. ಒಣ ಹಿಟ್ಟನ್ನು ನೇರ ಕುದಿಯುವ ಪಾತ್ರೆಗೆ ಉದುರಿಸಿದರೆ ಗಂಟಾಗುತ್ತದೆ, ಗಂಟಿನೊಳಗೆ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ಹಿಟ್ಟು ಹಾಕಿದ ಮೇಲೆ 20 ನಿಮಿಷ ಸಣ್ಣ ಉರಿ, ತಳ ಹತ್ತದಂತೆ ಕೈ ಬಿಡದೆ ತಿರುವುವುದು. ಮರುದಿನ ಇನ್ನಷ್ಟು ಗಟ್ಟಿಯಾಗುತ್ತದೆ, ಆದ್ದರಿಂದ ರಾತ್ರಿ ಸ್ವಲ್ಪ ತೆಳ್ಳಗೇ ಇಳಿಸಿ.

ಹಿತ್ತಾಳೆಯ ದೊಡ್ಡ ಪಾತ್ರೆ ಬಳಸುವವರು ಒಳಗಿನ ಕಲಾಯಿ ನೋಡಿಕೊಳ್ಳಿ. ಕಲಾಯಿ ಹೋದ ಹಿತ್ತಾಳೆಗೆ ಹುಣಸೆ, ಮಜ್ಜಿಗೆ ಬಿದ್ದರೆ ಕಿಲುಬು ಬಿಟ್ಟು ಹೊಟ್ಟೆ ಕೆಡುತ್ತದೆ. ಭಜ್ಜಿಯನ್ನು ಬಿಸಿ ಇರುವಾಗ ಮುಚ್ಚಳ ಬಿಗಿದು ಇಡಬೇಡಿ. ತೆಳ್ಳನೆ ಬಟ್ಟೆ ಮುಚ್ಚಿ ಆರಲು ಬಿಟ್ಟು, ಬೆಳಗ್ಗೆ ಒಮ್ಮೆ ಕೊತಕೊತ ಕುದಿಸಿ ನಂತರ ಕಟ್ಟಿ.

ಅಂಬಲಿಗೆ ಒಂದು ಅಳತೆ ಜೋಳದ ಹಿಟ್ಟನ್ನು ಮೂರು ಅಳತೆ ನೀರಿನಲ್ಲಿ 5ರ ರಾತ್ರಿ ಕದಡಿಟ್ಟು, 6ರ ಸಂಜೆ ಆರು ಅಳತೆ ಕುದಿವ ನೀರಿಗೆ ಹಾಕಿ ಕಾಲು ತಾಸು ಬೇಯಿಸಿ. ಪೂರ್ತಿ ಆರಿದ ಮೇಲೆಯೇ ಮಜ್ಜಿಗೆ, ಜಜ್ಜಿದ ಬಳ್ಳೊಳ್ಳಿ, ಜೀರಿಗೆ, ಉಪ್ಪು. ಬಿಸಿಗೆ ಮಜ್ಜಿಗೆ ಹಾಕಿದರೆ ಒಡೆಯುತ್ತದೆ. ಸಜ್ಜೆ ಹಿಟ್ಟಿಗೆ ಕುದಿಯುವ ನೀರೇ ಬೇಕು. ಬೆಚ್ಚಗಿನ ನೀರಿನಲ್ಲಿ ನಾದಿದರೆ ಬಡಿಯುವಾಗ ಅಂಚು ಸೀಳುತ್ತದೆ. ಎಳ್ಳನ್ನು ಒದ್ದೆ ಕೈಯಿಂದ ರೊಟ್ಟಿಯ ಮೇಲೆ ಒತ್ತಿ, ಆಗ ಉದುರುವುದಿಲ್ಲ.

7. ಜನವರಿ 7: ಹೊಲ

ಹಿಂಗಾರಿನ ಜೋಳ, ಕಡಲೆ, ಕುಸುಬಿ ತುಂಬಿ ನಿಂತಿರುವ ಹೊತ್ತಿಗೆ ಭೂಮಿತಾಯಿಗೆ ಬಯಕೆಯ ಊಟ ಬಡಿಸುವ ಹಬ್ಬ ಇದು. ಒಯ್ಯಬೇಕಾದ್ದು: ಸುಣ್ಣ, ಕೆಮ್ಮಣ್ಣು, ಹಸಿರು ಖಣ, ಬಳೆ, ತೆಂಗಿನಕಾಯಿ, ಅರಿಶಿನ-ಕುಂಕುಮ, ಚರಗಕ್ಕೆ ಬಿದಿರ ಬುಟ್ಟಿ, ನೀರಿಗೆ ತಂಬಿಗೆ. ಕುಡಿಯುವ ನೀರು ತಲೆಗೆ ಮೂರು ಲೀಟರ್. ಬೆಳಗ್ಗೆ ಸ್ವೆಟರ್ ಬೇಕೆನಿಸಿದರೂ ಮಧ್ಯಾಹ್ನದ ಬಿಸಿಲು 30 ಡಿಗ್ರಿ ಹತ್ತಿರ ಹೋಗುತ್ತದೆ. ಊಟಕ್ಕೆ ಮುತ್ತಲ ಎಲೆ ಒಯ್ದರೆ ಹೊಲದಲ್ಲಿ ಪ್ಲಾಸ್ಟಿಕ್ ಉಳಿಯುವುದಿಲ್ಲ.

ಹೊಲದ ನಡುವೆ ಅಥವಾ ಬನ್ನಿ ಗಿಡದ ಬುಡದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ-ಕೆಮ್ಮಣ್ಣು ಹಚ್ಚಿ ಪಾಂಡವರನ್ನು ಕೂರಿಸಿ ಪೂಜೆ. ಎಡೆ ಆದ ಮೇಲೆ ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಬುಟ್ಟಿಯಲ್ಲಿ ಕಲಸುತ್ತಾರೆ, ಅದೇ ಚರಗ. ಒಬ್ಬರು 'ಹುಲ್ಲುಲ್ಲಿಗೋ' ಎಂದು ಕೂಗುತ್ತ ಅದನ್ನು ಹೊಲದ ಸುತ್ತ ಚೆಲ್ಲುತ್ತ ನಡೆದರೆ, ಹಿಂದೆ ಇನ್ನೊಬ್ಬರು ತಂಬಿಗೆಯ ನೀರು ಚಿಮುಕಿಸುತ್ತ ಬರುತ್ತಾರೆ. ಕೂಗಿನ ಮುಂದಿನ ಮಾತು ಊರಿಂದೂರಿಗೆ ಬೇರೆ, ನಿಮ್ಮ ಹಿರಿಯರಿಂದಲೇ ಕಲಿಯಿರಿ. ಮಕ್ಕಳ ಕೈಯಿಂದಲೂ ಒಂದು ಸುತ್ತು ಚೆಲ್ಲಿಸಿ.

ಇಲ್ಲಿ ಎಲ್ಲಕ್ಕಿಂತ ಗಂಭೀರವಾದ ಎಚ್ಚರಿಕೆ ಹಸಿ ಕಡಲೆ, ತೊಗರಿಕಾಯಿಯದು. ಕಾಯಿಕೊರಕ ಹುಳಕ್ಕೆಂದು ಈ ಎರಡೂ ಬೆಳೆಗೆ ಇದೇ ದಿನಗಳಲ್ಲಿ ಔಷಧ ಹೊಡೆದಿರುತ್ತಾರೆ. ಪೇಟೆಯಿಂದ ಬಂದ ಮಕ್ಕಳು ಸಿಕ್ಕ ಗಿಡ ಕಿತ್ತು ಬಾಯಿಗೆ ಹಾಕುತ್ತಾರೆ. ಹೊಲದವರನ್ನು ಕೇಳಿ, ಕಳೆದ ಎರಡು-ಮೂರು ವಾರದಲ್ಲಿ ಔಷಧ ಹೊಡೆದಿದ್ದರೆ ಆ ಸಾಲು ಮುಟ್ಟಬೇಡಿ. ಭಜ್ಜಿಯ ಕಡಲೆ ಸೊಪ್ಪಿಗೂ ಇದೇ ಮಾತು. ಎರಡು ಸಾಲನ್ನು ಔಷಧವಿಲ್ಲದೆ ಹಬ್ಬಕ್ಕೆಂದೇ ಬಿಡಲು ಈಗಲೇ ಊರಿಗೆ ಹೇಳಿದರೆ ಇನ್ನೂ ಒಳ್ಳೆಯದು.

ಕಟ್ಟೆ ಇಲ್ಲದ ಬಾವಿ ಇರುವ ಹೊಲದಲ್ಲಿ ಮಕ್ಕಳ ಮೇಲೆ ಕಣ್ಣಿಡಲು ಒಬ್ಬರನ್ನು ನೇಮಿಸಿ. ದಂಟಿನ ಬಣವೆಯೊಳಗೆ ಕೈ ಹಾಕಬೇಡಿ, ಹಾವಿರಬಹುದು. ಜೇನು ಹುಟ್ಟಿರುವ ಮರದ ಕೆಳಗೆ ಒಲೆ ಹಚ್ಚಬೇಡಿ. ಕುಸುಬಿ ಹೊಲದಲ್ಲಿ ನಡೆಯುವವರು ಕಾಲು ಮುಚ್ಚುವ ಬಟ್ಟೆ ಹಾಕಿ, ಮುಳ್ಳು ಗೀರುತ್ತದೆ. ಹಿಂದಿನ ದಿನ ಮಳೆ ಹನಿದಿದ್ದರೆ ಕಾರನ್ನು ಎರೆ ಹೊಲಕ್ಕೆ ಇಳಿಸಬೇಡಿ, ಡಾಂಬರಿನ ಮೇಲೇ ಬಿಟ್ಟು ನಡೆಯಿರಿ.

8. ಸಂಕ್ರಾಂತಿ ಮತ್ತು ಮೈಲಾಪುರ

8ರಿಂದ 13ರವರೆಗೆ ನಿಜವಾಗಿಯೂ ವಿಶ್ರಾಂತಿ ತೆಗೆದುಕೊಳ್ಳಿ. ರಜೆ ಸಾಲದವರು 10ರ ಭಾನುವಾರ ಮರಳುತ್ತಾರೆ, ಆ ರಾತ್ರಿಯ ರೈಲು-ಬಸ್ ತುಂಬಿರುತ್ತವೆ. 14ಕ್ಕೆ ಭೋಗಿ, ಮತ್ತೆ ಸಜ್ಜೆ ರೊಟ್ಟಿ, ಕಾಳಿನ ಪಲ್ಯೆ. ಹಿಟ್ಟು ಹೊಸದಾಗಿ ಬೀಸಿಸಿ, 5ನೇ ತಾರೀಖಿನದು ಕಹಿಯಾಗಿರಬಹುದು. ಕುಸುರೆಳ್ಳು ಪೇಟೆಯಲ್ಲಿ ಸಿಗುತ್ತದೆ.

ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮಲ್ಲಯ್ಯನ ಜಾತ್ರೆ. 'ಏಳು ಕೋಟಿಗೆ ಏಳು ಕೋಟಿ' ಘೋಷದ ನಡುವೆ ಭಂಡಾರ, ಅಂದರೆ ಅರಿಶಿನ ಪುಡಿ, ಆಕಾಶಕ್ಕೆ ಹಾರುತ್ತದೆ. ಹೊನ್ನಕೆರೆಯಲ್ಲಿ ಗಂಗಾಸ್ನಾನ, ಸರಪಳಿ ಹರಿಯುವುದು ಇಲ್ಲಿನ ಮುಖ್ಯ ಘಟ್ಟಗಳು. ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವುದು ನಿಷೇಧವಾಗಿದೆ, ದಾರಿಯಲ್ಲಿ ತಪಾಸಣೆ ಇರುತ್ತದೆ. ಹರಕೆ ಇದ್ದರೂ ಮರಿ ಒಯ್ಯಬೇಡಿ, ಭಂಡಾರ ಅರ್ಪಿಸಿ ಹರಕೆ ತೀರಿಸಿ.

ಭಂಡಾರವನ್ನು ಮನೆಯಿಂದ ಒಯ್ಯಿರಿ. ಅಗ್ಗದ ಪುಡಿಯಲ್ಲಿ ಬಣ್ಣ ಬೆರೆಸಿದ್ದರೆ ಕಣ್ಣು ಉರಿಯುತ್ತದೆ. ಉಬ್ಬಸ ಇರುವವರು ಪಲ್ಲಕ್ಕಿಯ ಹತ್ತಿರ ಹೋಗದೆ ದೂರದಿಂದ ಕೈ ಮುಗಿಯಲಿ, ಔಷಧದ ಪಂಪು ಜೇಬಿನಲ್ಲಿರಲಿ. ಹಳೆಯ ಬಟ್ಟೆ, ಮೂಗಿಗೆ ಒದ್ದೆ ಮಾಡಿದ ತೆಳ್ಳನೆ ಪಂಚೆ, ಮೊಬೈಲಿಗೆ ಪ್ಲಾಸ್ಟಿಕ್ ಚೀಲ. ಗದ್ದಲದಲ್ಲಿ ಫೋನ್ ಹತ್ತುವುದೇ ಕಷ್ಟ, ಆದ್ದರಿಂದ ಗಾಡಿ ಇಳಿದ ಕೂಡಲೇ 'ತಪ್ಪಿಸಿಕೊಂಡರೆ ಇಲ್ಲೇ ಬಂದು ನಿಲ್ಲಬೇಕು' ಎಂದು ಒಂದು ಜಾಗ ತೋರಿಸಿ. ಮಗುವಿನ ಅಂಗಿ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ. ಗುಡ್ಡದ ಮೆಟ್ಟಿಲಲ್ಲಿ ಹತ್ತುವವರು ಇಳಿಯುವವರು ಸೇರಿ ಒತ್ತು ಬಿದ್ದಾಗ ಎದುರು ನುಗ್ಗದೆ ಪಕ್ಕಕ್ಕೆ ಸರಿದು ನಿಲ್ಲಿ.

ಕೃಷ್ಣೆಯಲ್ಲಿ ಮೀಯುವವರಿಗೆ: ನಾರಾಯಣಪುರದ ಬಸವಸಾಗರದ ಕೆಳಗೆ ಅಣೆಕಟ್ಟೆಯಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ, ನಡುಗಡ್ಡೆಯ ಬಂಡೆಗಳ ಮೇಲೆ ಊಟಕ್ಕೆ ಕೂರಬೇಡಿ. ಬೈಕಿನಲ್ಲಿ ಓಡಾಡುವವರು ಈ ವಾರ ಪೂರ್ತಿ ಕುತ್ತಿಗೆಗೆ ದಪ್ಪ ಬಟ್ಟೆ ಸುತ್ತಿ. ಗಾಳಿಪಟದ ನೈಲಾನ್ ಮಾಂಜಾ ನಿಷೇಧವಿದ್ದರೂ ರಸ್ತೆಗೆ ಅಡ್ಡ ಬಿದ್ದಿರುತ್ತದೆ.

9. ಮರಳುವಾಗ

ಶೇಂಗಾ ಹೋಳಿಗೆ, ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸೆ ಹಿಂಡಿ ಒಯ್ಯಿರಿ. ಭಜ್ಜಿ, ಅಂಬಲಿ ಒಯ್ಯಬೇಡಿ. ರೊಟ್ಟಿಯನ್ನು ಪ್ಲಾಸ್ಟಿಕ್‌ನಲ್ಲಿ ಅಲ್ಲ, ಹತ್ತಿ ಬಟ್ಟೆಯಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿ ನಿಲ್ಲಿಸಿಡಿ, ಮಲಗಿಸಿದರೆ ಚೂರಾಗುತ್ತವೆ. ಹೊಸ ತೊಗರಿಬೇಳೆ ಕೊಳ್ಳುವವರು ಬಿಸಿಲಿಗೆ ಒಂದು ದಿನ ಹರಡಿದ ಮೇಲೆ ಕಟ್ಟಿ. ಕಲಬುರಗಿ ತೊಗರಿಬೇಳೆಗೆ 2019ರಿಂದ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಇದೆ, ಪೊಟ್ಟಣದ ಮೇಲೆ ಅದನ್ನು ನೋಡಿ ಕೊಳ್ಳಬಹುದು. ಹೊರಡುವ ಮೊದಲು ಪಿಎನ್‌ಆರ್, ಅಂದರೆ ಟಿಕೆಟ್ಟಿನ ಹತ್ತಂಕಿಯ ಸಂಖ್ಯೆ ಹಾಕಿ ಡಬ್ಬಿ-ಸೀಟು ಇನ್ನೊಮ್ಮೆ ನೋಡಿ. ಕಲಬುರಗಿಯಲ್ಲಿ ಹೆಚ್ಚಿನ ರೈಲುಗಳು ಕೆಲವೇ ನಿಮಿಷ ನಿಲ್ಲುತ್ತವೆ, ಯಾದಗಿರಿಯಲ್ಲಿ ಅದಕ್ಕಿಂತ ಕಡಿಮೆ. ಡಬ್ಬಿ ನಿಲ್ಲುವ ಜಾಗದಲ್ಲಿ ಸಾಮಾನು ಇಟ್ಟುಕೊಂಡು ಮುಂಚೆಯೇ ನಿಂತಿರಿ.